ಮೂವತ್ತೇಳನೆಯ ಸಂಚಿಕೆಯ ಕಣ್ಣೀರು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಇನ್ನೂ ಹಲ್ಲುಜ್ಜುವುದಕ್ಕೂ ಮುಂಚೆ, ಭೀಮರಾಜು ಒಂದು ಸುಳ್ಳು ಹೇಳಿದ. ಹೇಳಿದ್ದು ಬಾಯಲ್ಲಲ್ಲ, ಮೊಬೈಲಿನಲ್ಲಿ.

'ಸಿಡಿಲುಗುದುರೆ ಅಭಿಮಾನಿ ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ ಇನ್ನೂರ ಹದಿನಾಲ್ಕು ಜನರಿದ್ದರು. ನಲವತ್ತು ವರ್ಷದ ಹಿಂದೆ ತಿಂಗಳಿಗೊಂದರಂತೆ ಬರುತ್ತಿದ್ದ ಸಿಡಿಲುಗುದುರೆ ಕಾಮಿಕ್ಸಿನ ಅಭಿಮಾನಿಗಳು ಅವರೆಲ್ಲ. ಭೀಮರಾಜು ದಿನಾ ಬೆಳಿಗ್ಗೆ ಅಲ್ಲಿ ಶುಭೋದಯ ಹಾಕುತ್ತಿದ್ದ. ಇಬ್ಬರೋ ಮೂವರೋ ಕೈಮುಗಿದ ಚಿತ್ರ ಒತ್ತುತ್ತಿದ್ದರು. ಅಲ್ಲಿಗೆ ಅವನ ಆ ದಿನದ ಮಾತುಕತೆ ಮುಗಿಯುತ್ತಿತ್ತು. ತಿಪಟೂರಿನ ತಾಲ್ಲೂಕು ಕಚೇರಿ ಎದುರು ಅವನದೊಂದು ಜೆರಾಕ್ಸ್ ಅಂಗಡಿಯಿತ್ತು ನಿಜ. ಆದರೆ ಅಲ್ಲಿಗೆ ಬರುವವರು "ಎರಡು ಸೆಟ್ಟು" ಅಂದರೆ ಅದೇ ದೊಡ್ಡ ಮಾತು.

ಅವತ್ತು ಯಾಕೋ ಕೈಮುಗಿದ ಚಿತ್ರ ಸಾಲದು ಅನ್ನಿಸಿತು. "ಮೂವತ್ತೇಳನೆಯ ಸಂಚಿಕೆ ಓದಿದಾಗಲೆಲ್ಲ ನನಗೆ ಇವತ್ತಿಗೂ ಕಣ್ಣೀರು ಬರುತ್ತದೆ" ಎಂದು ಬರೆದು ಹಾಕಿಬಿಟ್ಟ.

ನಿಜ ಹೇಳಬೇಕೆಂದರೆ ಮೂವತ್ತೇಳನೆಯದನ್ನು ಅವನು ಓದಿರಲಿಲ್ಲ. ಮೂವತ್ತಾರನ್ನೂ ಓದಿರಲಿಲ್ಲ, ಒಂದನೆಯದನ್ನೂ ಓದಿರಲಿಲ್ಲ. ಆದರೆ ಎಂಬತ್ತನಾಲ್ಕು ಸಂಚಿಕೆಗಳೂ ಅವನ ಮನೆಯ ಬೀರುವಿನಲ್ಲಿ, ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಕವರಿನೊಳಗೆ, ಆಸ್ಪತ್ರೆಯ ಕೂಸುಗಳ ಹಾಗೆ ಸಾಲಾಗಿ ಮಲಗಿದ್ದವು. ಇಡೀ ಬಳಗದಲ್ಲಿ ಪೂರ್ತಿ ಸೆಟ್ ಇದ್ದದ್ದು ಅವನೊಬ್ಬನ ಬಳಿ. ಬೀರುವಿನ ಫೋಟೋ ಹಾಕಿದ ದಿನದಿಂದ ಅವನು ಅಲ್ಲಿ 'ಭೀಮರಾಜು ಸಾರ್' ಆಗಿದ್ದ.

ಓದಬಾರದು ಅಂತೇನೂ ಇರಲಿಲ್ಲ. ಎಷ್ಟೋ ಭಾನುವಾರ ಬೀರು ತೆಗೆದು ಮುಂದೆ ಕೂತಿದ್ದಾನೆ. ಆದರೆ ಕಾಮಿಕ್ಸ್ ಅಂದರೆ ಇಬ್ಬರು ತಲೆಗೆ ತಲೆ ತಾಗಿಸಿ ಓದುವಂಥದ್ದು. ಪುಟ ತಿರುವಹೋದರೆ "ತಡಿ, ನಂದಿನ್ನೂ ಆಗಿಲ್ಲ" ಎನ್ನುವವನೊಬ್ಬ ಪಕ್ಕದಲ್ಲಿರಬೇಕು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಮದುವೆ ಎಂಬುದು ಅವನ ಬಾಗಿಲವರೆಗೆ ಬಂದು ಪಕ್ಕದ ಮನೆಗೆ ಹೋಗಿತ್ತು. ನಲವತ್ತೊಂಬತ್ತು ವರ್ಷದ ಗಂಡಸು ಖಾಲಿ ಮನೆಯಲ್ಲಿ ಒಬ್ಬನೇ ಕೂತು ಕುದುರೆ ಚಿತ್ರ ನೋಡುವುದು ಅವನಿಗೇ ಒಂಥರಾ ಅನ್ನಿಸಿ, ಬೀರು ಮುಚ್ಚಿ ಎದ್ದುಬಿಡುತ್ತಿದ್ದ.

ಸುಳ್ಳು ಹಾಕಿ ಹಲ್ಲುಜ್ಜಿ ಬರುವಷ್ಟರಲ್ಲಿ ಒಂದು ಉತ್ತರ ಬಂದಿತ್ತು. ಅನುಪಮಾ, ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಎರಡು ವರ್ಷದಿಂದ ತಪ್ಪದೆ ಅವನ ಶುಭೋದಯಕ್ಕೆ ಕೈಮುಗಿಯುತ್ತಿದ್ದವರಲ್ಲಿ ಒಬ್ಬರು.

"ನನಗೂ ಹಾಗೇ ಸಾರ್. ಇವತ್ತು ತಿಪಟೂರಲ್ಲಿ ಒಂದು ಮದುವೆ ಇದೆ. ಧಾರೆ ಮುಗಿಸಿಕೊಂಡು ಹನ್ನೊಂದೂವರೆಗೆ ನಿಮ್ಮ ಮನೆಗೆ ಬಂದು ಹೋಗಲಾ? ನಿಮ್ಮ ಹತ್ರ ಒಂದು ವಿಷಯ ಮಾತಾಡಬೇಕು. ಮೂವತ್ತೇಳನೆಯ ಸಂಚಿಕೆಯನ್ನೂ ನೋಡಬಹುದು."

ಭೀಮರಾಜುವಿನ ಎದೆ ಒಮ್ಮೆ ಹಿಗ್ಗಿತು, ಒಮ್ಮೆ ಕುಗ್ಗಿತು. ಮನೆಗೆ ಜನ ಬರುತ್ತಾರೆ! ಆದರೆ ಬಂದವರು ಕೇಳುತ್ತಾರೆ! 'ಖಂಡಿತ ಬನ್ನಿ' ಎಂದು ಕಳಿಸಿ ಲೆಕ್ಕ ಹಾಕಿದ. ಮೂವತ್ತೆರಡು ಪುಟ, ನಾಲ್ಕು ಗಂಟೆ. ಧಾರಾಳವಾಯಿತು.

ಮನೆಯೆಲ್ಲ ಗುಡಿಸಿ ಒರೆಸುವಷ್ಟರಲ್ಲಿ ಒಂಬತ್ತೂವರೆಯಾಯಿತು. ಇನ್ನು ಕುರ್ಚಿ. ಅವನ ಮನೆಯಲ್ಲಿ ಎರಡು ಕುರ್ಚಿಯಿದ್ದವು. ಎರಡನೆಯದರ ಮೇಲೆ ಆರು ವರ್ಷದ ಹಳೇ ಪೇಪರು ಕೂತಿತ್ತು. ಅದನ್ನೆಲ್ಲ ಇಳಿಸಿ, ಕುರ್ಚಿಯನ್ನು ಅಂಗಳಕ್ಕೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಅದೇ ತಪ್ಪಾಯಿತು.

"ಏನ್ ಭೀಮಾ, ಕುರ್ಚಿ ತೊಳೀತಿದ್ದೀಯ?" ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ತಲೆ ಕಾಣಿಸಿತು. "ಯಾರ್ ಬತ್ತಾವ್ರೆ?"

"ಯಾರೋ ಪರಿಚಯದೋರು ಕಣಕ್ಕ."

"ಗಂಡ್ಸೋ ಹೆಂಗ್ಸೋ?"

ಭೀಮರಾಜು ಒಂದು ಕ್ಷಣ ತಡೆದ. ಆ ಒಂದು ಕ್ಷಣ ಸಾಕಾಯಿತು.

"ಅಯ್ಯೋ ಶಿವನೇ! ಹೇಳಬಾರ್ದೇನಪ್ಪ? ಸದಾಶಿವಯ್ಯಾರೇ! ಓ ಸದಾಶಿವಯ್ಯಾರೇ! ಇಲ್ ಬನ್ನಿ, ನಮ್ ಭೀಮನ್ನ ನೋಡಕ್ಕೆ ಹೆಣ್ಣು ಬತ್ತೈತೆ!"

"ಅಕ್ಕ, ನೋಡಕ್ಕಲ್ಲ, ಅವ್ರು ಪುಸ್ತಕ..."

"ನೀನ್ ಸುಮ್ಕಿರು. ನಿಂಗೇನ್ ಗೊತ್ತಾಯ್ತದೆ? ಕೇಸರಿಬಾತ್ ನಾನ್ ಮಾಡ್ತೀನಿ."

ಎದುರುಮನೆಯ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರು ಪಂಚೆ ಮೇಲೆತ್ತಿಕೊಂಡು ರಸ್ತೆ ದಾಟಿದರು. ಅವರು ಭೀಮರಾಜುವನ್ನು, ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವವರಂತೆ, ಅತ್ತಿಂದ ಇತ್ತ ತಿರುಗಿಸಿ ಪರೀಕ್ಷಿಸಿದರು.

"ಮೀಸೆ ಬೆಳ್ಳಗಾಗೈತೆ ಕಣಯ್ಯ. ನಡಿ, ಬಣ್ಣ ಹಾಕ್ಸಣ."

"ಬೇಡಣ್ಣ, ನಂಗೆ ಸ್ವಲ್ಪ ಓದೋದೈತೆ."

"ಈ ವಯಸ್ನಲ್ಲಿ ಏನಯ್ಯ ಓದೋದು? ಪರೀಕ್ಷೆ ಹೆಣ್ಣಿನ್ ಕಡೇರು ಮಾಡ್ತಾರೆ, ನಡಿ."

ಭೀಮರಾಜು ಒಳಗೆ ಓಡಿ, ಬ್ಲೇಡಿನಿಂದ ಮೂವತ್ತೇಳನೆಯ ಸಂಚಿಕೆಯ ಕವರು ಸೀಳಿದ. ಮೊದಲ ಪುಟದಲ್ಲಿ ಬಂಡೆಯ ತುದಿಯಲ್ಲಿ ಸಿಡಿಲುಗುದುರೆ ಒಂದು ಕಾಲು ಎತ್ತಿಕೊಂಡು ನಿಂತಿತ್ತು. ಅಷ್ಟೇ ನೋಡಿದ್ದು. ಸದಾಶಿವಯ್ಯನವರ ಕೈ ಅವನ ರಟ್ಟೆ ಹಿಡಿದಿತ್ತು.

ಕ್ಷೌರದಂಗಡಿಯಲ್ಲಿ ಓದೋಣವೆಂದು ಪುಸ್ತಕವನ್ನು ಬಿಳಿ ಬಟ್ಟೆಯೊಳಗೆ ಅಡಗಿಸಿಕೊಂಡು ಕೂತ. ಕಣ್ಣು ಕೆಳಗೆ ಹೋದಾಗಲೆಲ್ಲ ಕ್ಷೌರದವನು ಗದ್ದ ಹಿಡಿದು ಮೇಲೆತ್ತಿದ. ಮೂರನೆಯ ಸಲಕ್ಕೆ ಪುಸ್ತಕ ಜಾರಿ ಕೆಳಗೆ ಬಿತ್ತು. ಬೆಂಚಿನಲ್ಲಿದ್ದ ಸದಾಶಿವಯ್ಯನವರು ಎತ್ತಿಕೊಂಡರು.

"ಇದೇನಯ್ಯ, ಮಕ್ಳ ಪುಸ್ತಕ?"

"ಕೊಡಿ ಅಣ್ಣ."

"ತಡಿಯಯ್ಯ." ಒಂದು ಪುಟ ತಿರುಗಿತು. ಇನ್ನೊಂದು ತಿರುಗಿತು. ಜೀವಮಾನದಲ್ಲಿ ಕೊಬ್ಬರಿ ಧಾರಣೆ ಬಿಟ್ಟು ಇನ್ನೇನನ್ನೂ ಓದದ ಸದಾಶಿವಯ್ಯನವರ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಐದನೆಯ ಪುಟಕ್ಕೆ ಅವರು ಎದ್ದು ನಿಂತರು. "ಅಟ್ಟದ ಮೇಲೆ ಕಾಯಿ ತಿರುವಿ ಹಾಕ್ಬೇಕು ಕಣಯ್ಯ. ಹೋಗಿ ಬತ್ತೀನಿ" ಎಂದವರೇ ಪುಸ್ತಕದ ಸಮೇತ ನಡೆದೇಬಿಟ್ಟರು.

"ಅಣ್ಣಾ! ಪುಸ್ತಕ!" ಭೀಮರಾಜು ಏಳಲು ಹೋದ. ಅರ್ಧ ಮೀಸೆಗೆ ಬಣ್ಣ ಬಿದ್ದಿತ್ತು. ಕ್ಷೌರದವನು ಹೆಗಲು ಒತ್ತಿ ಕೂರಿಸಿದ.

ಬಿಡಿಸಿಕೊಂಡು ಬಂದಾಗ ಹನ್ನೊಂದು ದಾಟಿತ್ತು. ಎದುರುಮನೆಯ ಅಟ್ಟದಿಂದ ಕಾಯಿ ಉರುಳುವ ಸದ್ದು ಬರಲಿಲ್ಲ, ಕರೆದರೆ ಉತ್ತರವೂ ಬರಲಿಲ್ಲ. ಇತ್ತ ಮನೆಯೊಳಗೆ ಲಕ್ಷ್ಮೀದೇವಮ್ಮ ಕೇಸರಿಬಾತು ಮುಚ್ಚಿಟ್ಟು, ಬಾಗಿಲ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಹಿರಿಯರ ಸ್ಥಾನದಲ್ಲಿ ಕೂತಾಗಿತ್ತು.

ಹನ್ನೊಂದೂವರೆಗೆ ಸರಿಯಾಗಿ ಅನುಪಮಾ ಬಂದರು. ನಲವತ್ತೈದು ದಾಟಿದ ಹೆಂಗಸು, ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಮದುವೆಮನೆಯ ತಾಂಬೂಲದ ಚೀಲ. ಒರೆಸಿಟ್ಟ ಕುರ್ಚಿಯ ತುದಿಯಲ್ಲಿ ಕೂತು, ಬೀರುವನ್ನು ದೇವರ ಮನೆ ನೋಡುವ ಹಾಗೆ ನೋಡಿದರು.

"ಎಂಬತ್ತನಾಲ್ಕೂ ಇದೆಯಾ ಸಾರ್?"

"ಇದೆ ಮೇಡಂ."

"ಎಲ್ಲಾನೂ..." ಅವರು ತಾಂಬೂಲದ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಎಲ್ಲಾನೂ ಓದಿದೀರಾ? ನಿಜವಾಗ್ಲೂ?"

ಕೇಳಿದ ದನಿಯಲ್ಲಿ ಪರೀಕ್ಷೆ ಇರಲಿಲ್ಲ. ಯಾಕೋ ಭೀಮರಾಜುವಿಗೆ ಇವರ ಹತ್ತಿರ ನಿಜ ಹೇಳಬಹುದು ಅನ್ನಿಸಿತು. "ಅದು ಏನಂದ್ರೆ ಮೇಡಂ, ನಾನು..." ಎಂದು ಶುರು ಮಾಡಿದ.

"ಓದೋದಾ?" ಚಾಪೆಯ ಮೇಲಿಂದ ಲಕ್ಷ್ಮೀದೇವಮ್ಮ ಗುಡುಗಿದರು. "ಎಲ್ಲಾ ಬಾಯಿಪಾಠ ಕಣವ್ವ! ಬೆಳಗಾಗೆದ್ರೆ ಅದೇ ಕೆಲ್ಸ. ಕುಡಿಯಾಕಿಲ್ಲ, ಸೇದಾಕಿಲ್ಲ, ಬರೀ ಓದೋದು. ಇಂಥ ಗಂಡು ಎಲ್ ಸಿಗ್ತದೆ?"

ಅನುಪಮಾ ಅವರ ಮುಖ ಸ್ವಲ್ಪ ಇಳಿಯಿತು. ಭೀಮರಾಜು ಅದನ್ನು 'ಗಂಡು' ಎಂಬ ಮಾತಿನ ಮೇಲೆ ಹಾಕಿ, ವಿಷಯ ಬದಲಿಸುವ ಗಾಬರಿಯಲ್ಲಿ ತನಗೆ ಗೊತ್ತಿದ್ದ ಒಂದೇ ಚಿತ್ರವನ್ನು ಹಿಡಿದುಕೊಂಡ.

"ಆ ಮೂವತ್ತೇಳರಲ್ಲಿ ಮೇಡಂ... ಕುದುರೆ ಬಂಡೆ ಮೇಲೆ ನಿಂತಿರುತ್ತಲ್ಲ..."

"ಹೂಂ ಸಾರ್. ನಿಂತಿರುತ್ತೆ."

"ಒಂದು ಕಾಲು ಎತ್ಕೊಂಡು."

"ಹೌದೌದು. ಎತ್ಕೊಂಡು."

"ಅಲ್ಲಿ ಯಾರೂ ಇರಲ್ಲ ನೋಡಿ. ಅದು ಒಂದೇ. ಅಷ್ಟು ದೊಡ್ಡ ಬಂಡೆ. ಯಾರಾದ್ರೂ ಬರ್ತಾರೇನೋ ಅಂತ..." ಎನ್ನುವಲ್ಲಿಗೆ ಅವನು ನೋಡಿದ್ದ ಪುಟ ಮುಗಿಯಿತು. ಮುಂದೆ ಹೇಳಲು ಕತೆ ಗೊತ್ತಿರಲಿಲ್ಲ. ಎದುರಿಗೆ ಆರು ವರ್ಷದ ಮೇಲೆ ಯಾರೋ ಬಂದು ಕೂತ ಕುರ್ಚಿ ಇತ್ತು. ಕಣ್ಣಿಂದ ನೀರು ತಟಕ್ಕನೆ ಉದುರಿತು. ಹೊಸ ಬಣ್ಣದ ಮೀಸೆಯ ಮೇಲೆ ಹಾದು ಕಪ್ಪಗೆ ಅಂಗಿಯ ಮೇಲೆ ಬಿತ್ತು.

ಅನುಪಮಾ ಎದ್ದು ನಿಂತರು. "ನೀವು ನಿಜವಾದ ಅಭಿಮಾನಿ ಸಾರ್" ಎಂದು ಕೈಮುಗಿದರು. ಆಡಬೇಕೆಂದು ಬಂದಿದ್ದ ವಿಷಯವನ್ನು ಆಡಲಿಲ್ಲ, ಸಂಚಿಕೆಯನ್ನೂ ಕೇಳಲಿಲ್ಲ. ಎರಡು ಚಮಚ ಕೇಸರಿಬಾತು ತಿಂದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ಅವರು ಬೀದಿಯ ತಿರುವು ದಾಟಿ ಹತ್ತು ನಿಮಿಷವಾಗಿರಲಿಲ್ಲ, ಸದಾಶಿವಯ್ಯನವರು ಹೊಟ್ಟೆ ಹಿಡಿದುಕೊಂಡು ಬಂದರು.

"ಅಯ್ಯಯ್ಯಪ್ಪ! ನಕ್ಕೂ ನಕ್ಕೂ ಸಾಕಾಯ್ತು ಕಣಯ್ಯ! ಆ ಕುದ್ರೆ ಕಾಲಿಗೆ ಹಲಸಿನ್ ಮೇಣ ಮೆತ್ಕೊಂಡೈತೆ, ಎತ್ತಿದ್ ಕಾಲು ಇಡಂಗಿಲ್ಲ! ರಾಜ ಬಂದು ಎಳೀತಾನೆ, ರಾಜನೂ ಅಂಟ್ಕತಾನೆ! ಮಂತ್ರಿನೂ ಅಂಟ್ಕತಾನೆ! ಕೊನೇಗಂಟ ಬರೀ ನಗೋದೇ!"

ಭೀಮರಾಜು ಪುಸ್ತಕವನ್ನೂ ಅವರನ್ನೂ ನೋಡಿದ. "ಅಳೋ ಅಂಥದ್ದು ಏನೂ ಇಲ್ವಾ ಅಣ್ಣ?"

"ಇದ್ರಾಗೆ ಅತ್ತೋನ್ಗೆ ತಲೆ ಕೆಟ್ಟಿರ್ಬೇಕು, ಇಲ್ಲ ಓದಿರ್ಬಾರ್ದು!"

ಇಲ್ಲ ಓದಿರಬಾರದು. ಭೀಮರಾಜು ನಿಂತಲ್ಲೇ ನಿಂತ. 'ನನಗೂ ಹಾಗೇ ಸಾರ್' ಅಂದಿದ್ದರಲ್ಲ ಅನುಪಮಾ? ಬಂಡೆ ಅಂದರೆ ಬಂಡೆ, ಕಾಲು ಅಂದರೆ ಕಾಲು ಅಂದರಲ್ಲ? ಅವರೂ ಓದಿಲ್ಲ! ಅವನ ಮೈಯೆಲ್ಲ ಹಗುರಾಯಿತು. ಫೋನು ಕೈಗೆತ್ತಿಕೊಂಡ. ಆಗಲೇ ಒಂದು ಮೆಸೇಜು ಬಂದು ಕೂತಿತ್ತು.

"ಸಾರ್, ಕ್ಷಮಿಸಿ. ನಾನು ಒಂದು ಸಂಚಿಕೆಯನ್ನೂ ಓದಿದವಳಲ್ಲ. ಚಿಕ್ಕವಳಿದ್ದಾಗ ನಮ್ಮಣ್ಣ ಮುಟ್ಟಗೊಡುತ್ತಿರಲಿಲ್ಲ. ಬಳಗದಲ್ಲಿ ಸುಮ್ಮನೆ ಎಲ್ಲದಕ್ಕೂ ಹೂಂ ಅನ್ನುತ್ತಾ ಬಂದೆ. ನಿಮಗೆ ನಿಜ ಹೇಳಿ, ಭಾನುವಾರಗಳಲ್ಲಿ ನಿಮ್ಮ ಮನೆಗೆ ಬಂದು ಒಂದರಿಂದ ಶುರು ಮಾಡಿ ಓದಲಾ ಎಂದು ಕೇಳಬೇಕೆಂದಿದ್ದೆ. ನಿಮ್ಮ ಭಕ್ತಿ ನೋಡಿದ ಮೇಲೆ ನಾಚಿಕೆಯಾಯಿತು. ಬಳಗ ಬಿಡುತ್ತಿದ್ದೇನೆ."

ಭೀಮರಾಜು ಅವಸರವಸರವಾಗಿ ಬರೆದ: "ಮೇಡಂ, ನಾನೂ ಒಂದೂ ಓದಿಲ್ಲ. ದೇವರಾಣೆ."

ಉತ್ತರ ತಕ್ಷಣ ಬಂತು. "ನನ್ನ ಸಮಾಧಾನಕ್ಕೆ ಹೀಗೆ ಹೇಳುತ್ತಿದ್ದೀರಿ. ದೊಡ್ಡ ಮನಸ್ಸು ನಿಮ್ಮದು. ಆದರೆ ನಿಮ್ಮ ಕಣ್ಣೀರನ್ನು ನಾನೇ ಕಣ್ಣಾರೆ ನೋಡಿದೆನಲ್ಲ ಸಾರ್."

'ಅದು ಕಾಮಿಕ್ಸಿಗೆ ಬಂದದ್ದಲ್ಲ' ಎಂದು ಬರೆದ. ಹಾಗಾದರೆ ಯಾವುದಕ್ಕೆ ಅಂತ ಕೇಳಿದರೆ? ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಅಷ್ಟರಲ್ಲಿ ಅನುಪಮಾ ಬಳಗದಿಂದ ಹೊರಹೋದ ಸುದ್ದಿ ಪರದೆಯ ಮೇಲೆ ಬಂತು. ಫೋನು ಮಾಡಿದರೆ ಸ್ವಿಚ್ ಆಫ್.

ಇನ್ನು ಮುಚ್ಚಿಟ್ಟು ಏನಾಗಬೇಕು? ಬಳಗಕ್ಕೇ ಬರೆದುಬಿಟ್ಟ: "ನಾನು ಸಿಡಿಲುಗುದುರೆಯ ಒಂದು ಪುಟವನ್ನೂ ಸರಿಯಾಗಿ ಓದಿದವನಲ್ಲ. ಎಲ್ಲರೂ ಕ್ಷಮಿಸಬೇಕು."

ನಗುವ ಮುಖಗಳು ಸಾಲುಗಟ್ಟಿದವು. ಬಳಗ ಕಟ್ಟಿದ ದಂಡಿನಶಿವರದ ನಂಜುಂಡಪ್ಪನವರು ಬರೆದರು: "ತುಂಬ ಓದಿದವರಿಗೆ ಮಾತ್ರ ಇಂಥ ವಿನಯ ಬರುತ್ತದೆ. ಎಂಬತ್ತನಾಲ್ಕು ಸಂಚಿಕೆಗಳ ಮೇಲೂ ಭೀಮರಾಜು ಸಾರ್ ವಾರಕ್ಕೊಂದು ಉಪನ್ಯಾಸ ಕೊಡಬೇಕೆಂದು ಎಲ್ಲರ ಪರವಾಗಿ ಕೋರುತ್ತೇನೆ." ಅದಕ್ಕೆ ನೂರಾ ಹನ್ನೆರಡು ಜನ ಕೈಮುಗಿದರು.

ಲಕ್ಷ್ಮೀದೇವಮ್ಮ ಪಾತ್ರೆ ಎತ್ತಿಕೊಳ್ಳಲು ಬಂದಾಗ ಅವನು ಆ ಕುರ್ಚಿಯನ್ನೇ ನೋಡುತ್ತ ಕೂತಿದ್ದ.

"ಏನಂತೆ ಭೀಮಾ? ಆ ಯಮ್ಮ ಏನಾರ ಹೇಳುದ್ಲಾ?"

"ಬರಲ್ವಂತೆ ಅಕ್ಕ."

"ಯಾಕಂತೆ? ಬಣ್ಣ ಸೋರಿದ್ದಕ್ಕಾ?"

"ಅಲ್ಲ. ನಾನು ತುಂಬ ಓದ್ಕೊಂಡಿದೀನಂತೆ."

ಲಕ್ಷ್ಮೀದೇವಮ್ಮ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬಾಗಿಲವರೆಗೆ ಹೋಗಿ ತಿರುಗಿದರು. ಆಮೇಲೆ, ಅವ್ವ ಇದ್ದಿದ್ದರೆ ಬೈಯುತ್ತಿದ್ದಂಥ ಅಕ್ಕರೆಯಲ್ಲಿ ಬೈದರು:

"ಅಷ್ಟೊಂದ್ಯಾಕಪ್ಪ ಓದಕ್ ಹೋದೆ ನೀನು?"