ಬಹ್ರೇನಿನ ದರ, ನಮ್ಮೂರ ಗುಡ್ಡೆ

ನಿವೃತ್ತಿ ಕೊಡುವವರು ನಮ್ಮಿಂದ ಬೀಗದ ಕೈ ವಾಪಸು ಪಡೆಯುತ್ತಾರೆ, ಗುರುತಿನ ಚೀಟಿ ವಾಪಸು ಪಡೆಯುತ್ತಾರೆ. ಅಭ್ಯಾಸಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವು ನಮ್ಮ ಜೊತೆ ಬಸ್ಸು ಹತ್ತಿ ಊರಿಗೆ ಬಂದುಬಿಡುತ್ತವೆ. ನಾನು ಬಹ್ರೇನಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸ್ಟೋರ್‌ಕೀಪರನಾಗಿ ಅರ್ಧ ಆಯುಷ್ಯ ಕಳೆದವನು. ಮೊದಲು ಬಂದ ಮಾಲು ಮೊದಲು ಹೋಗಬೇಕು ಎನ್ನುವುದು ಅಲ್ಲಿಯ ನಿಯಮ. ಈಗ ಆಲೂರು ತಾಲ್ಲೂಕಿನ ಮಗ್ಗೆ ಹತ್ತಿರದ ನನ್ನ ಹಳ್ಳಿಯಲ್ಲಿ ಒಬ್ಬನೇ ಇದ್ದೇನೆ. ಇಲ್ಲಿಯೂ ಈರುಳ್ಳಿ, ಬೆಂಕಿಪೊಟ್ಟಣ, ಬನೀನು ಎಲ್ಲವೂ ಅದೇ ನಿಯಮದಂತೆ ನಡೆಯುತ್ತವೆ. ಸರದಿ ತಪ್ಪಿಸಿ ಒಂದು ಬನೀನು ತೊಟ್ಟರೆ ದಿನವಿಡೀ ಮೈ ಕಡಿದಂತಾಗುತ್ತದೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿದ್ದಾರೆ. ರಜೆಯಲ್ಲಿ ಬಂದು ಹುಡುಗಿ ನೋಡುತ್ತಿದ್ದೆ. ಅವರ ಮನೆಯವರು ಯೋಚಿಸಿ ಹೇಳುವಷ್ಟರಲ್ಲಿ ನನ್ನ ವಿಮಾನ ಹೊರಟಿರುತ್ತಿತ್ತು. ಬರಬರುತ್ತಾ ಅವರು ಯೋಚಿಸುವುದನ್ನೂ ಬಿಟ್ಟರು.

ಸ್ಟೋರಿನಲ್ಲಿ ನನ್ನ ವಶದಲ್ಲಿದ್ದದ್ದು ಕುರಿಗಳು. ಬ್ಯಾ ಅನ್ನುವ ಕುರಿಯಲ್ಲ. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬರುವ, ಬಿಳಿ ಬಟ್ಟೆಯ ಚೀಲ ತೊಟ್ಟು ಹಲಗೆಯಂತೆ ಸೆಟೆದ, ಸೌದೆಯ ಹಾಗೆ ಒಟ್ಟಬಹುದಾದ ಕುರಿ. ಉಣ್ಣೆಗೆಂದು ಸಾಕಿ, ವಯಸ್ಸಾದ ಮೇಲೆ ಬೇಡವಾದವೇ ಹೆಚ್ಚು ಎಂದು ಹಡಗಿನವನೊಬ್ಬ ಹೇಳಿದ್ದ. ಅದಕ್ಕೇ ಸಮುದ್ರ ದಾಟಿ ಬಂದರೂ ಅಗ್ಗ. ಹಡಗು ತಡವಾದರೆ ಬೆಲೆ ಏರುತ್ತಿತ್ತು, ಎರಡು ಹಡಗು ಒಟ್ಟಿಗೆ ಬಂದರೆ ಇಳಿಯುತ್ತಿತ್ತು, ರಂಜಾನ್ ಹತ್ತಿರವಾದರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಆ ದಿನದ ದರವನ್ನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುವವನು ನಾನೇ. ಬರೆದಾದ ಮೇಲೆ ಎರಡು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಒಳಗೆ ಹೋಗುತ್ತಿದ್ದೆ. ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ನಾನು ಮತ್ತು ಕುರಿಗಳು. ಒಂದೊಂದಕ್ಕೂ ತೂಕ, ತಾರೀಕಿನ ಚೀಟಿ. ಮಾತಿಲ್ಲ, ಜಗಳವಿಲ್ಲ. ಅದನ್ನೇ ನಾನು ಶಿಸ್ತು ಎಂದುಕೊಂಡಿದ್ದೆ.

ಊರಿಗೆ ಬಂದ ಮೇಲೆ ನನ್ನ ವಾರದಲ್ಲಿ ಮಾತಿರುವ ದಿನ ಭಾನುವಾರ ಒಂದೇ. ಅಂದು ತಿಮ್ಮಣ್ಣನ ಕಾಫಿ ಕಣದಲ್ಲಿ ಗುಡ್ಡೆ ಬಾಡು. ಅಂದರೆ ಊರಿನ ಕೆಲವು ಮನೆಯವರು ಸೇರಿ ಸಂತೆಯಿಂದ ಒಂದು ಕುರಿ ತಂದು, ಕೊಯ್ದು, ಬಾಡನ್ನು ಬಾಳೆ ಎಲೆಗಳ ಮೇಲೆ ಒಂದೇ ಸಮನಾದ ಗುಡ್ಡೆಗಳಾಗಿ ಹಾಕಿ ಹಂಚಿಕೊಳ್ಳುವುದು. ಸಮ ಎನ್ನುವುದು ಕಣ್ಣಳತೆಯ ಸಮ. ಯಾವ ಗುಡ್ಡೆ ಯಾರಿಗೆ ಎಂದು ತೀರ್ಮಾನಿಸುವವನು ಹಲ್ಲಿಲ್ಲದ ಕಾಳಣ್ಣ. ಅವನು ಗುಡ್ಡೆಗಳಿಗೆ ಬೆನ್ನು ಹಾಕಿ ಕೂರಬೇಕು. ತಿಮ್ಮಣ್ಣ ಒಂದು ಎಲೆಯನ್ನು ಮುಟ್ಟಿ “ಇದ್ಯಾರ್ಗೆ?” ಅನ್ನುತ್ತಾನೆ. ಕಾಳಣ್ಣ ಬೆಟ್ಟದ ಕಡೆ ನೋಡುತ್ತಾ ಒಂದು ಹೆಸರು ಕೂಗುತ್ತಾನೆ. ಅಷ್ಟೇ, ಮೇಲ್ಮನವಿ ಇಲ್ಲ.

ಈ ಸಭೆಯಲ್ಲಿ ನನಗೂ ಒಂದು ಹುದ್ದೆಯಿತ್ತು. ತಿಮ್ಮಣ್ಣ ಮಚ್ಚು ಮಸೆಯುತ್ತಾ ಕೇಳುತ್ತಿದ್ದ: “ಗೌಡ್ರೇ, ಬಹ್ರೇನಲ್ಲಿ ಈ ವಾರ ಏನ್ ರೇಟ್ ಐತೆ?” ನಾನು ಹೇಳುತ್ತಿದ್ದೆ. ಅವನು ಸಂತೆಯಿಂದ ಕುರಿ ತಂದವನ ಕಡೆ ತಿರುಗಿ, “ನೋಡೋ, ಸಮುದ್ರ ದಾಟ್ಕಂಡ್ ಬಂದಿದ್ದು ಅಷ್ಟಕ್ಕೆ ಸಿಗ್ತದೆ. ನಿನ್ ಕುರಿ ರೋಡಲ್ಲಿ ನಡ್ಕಂಡ್ ಬಂದಿದ್ದಕ್ಕೆ ಇಷ್ಟಾ?” ಎಂದು ಜಗಳ ತೆಗೆಯುತ್ತಿದ್ದ. ಕಾಳಣ್ಣನಿಗೆ ಬೇರೆಯೇ ಸಂಶಯ. “ಆ ಐಸ್ ಕುರಿ ಸತ್ತು ಎಷ್ಟ್ ದಿನ ಆಗಿರ್ತದೋ?” ಆರು ತಿಂಗಳೂ ಆಗಿರಬಹುದು ಎಂದೆ. “ಅಂಗಾದ್ರೆ ತಿನ್ನಕ್ ಮೊದ್ಲು ಅದ್ರ ತಿಥಿ ಮಾಡ್ಬೇಕಲ್ಲೋ ಮಾರಾಯ!” ನಿಜ ಹೇಳಬೇಕೆಂದರೆ, ಮೊದಮೊದಲು ಮಗ್ಗೆಯ ಬೂತಿನಿಂದ ಬಹ್ರೇನಿನಲ್ಲೇ ಉಳಿದಿದ್ದ ಗೆಳೆಯ ಮೊಯ್ದುವಿಗೆ ಫೋನು ಮಾಡಿ ದರ ಕೇಳುತ್ತಿದ್ದೆ. ಆಮೇಲೆ ಅವನೂ ಕೆಲಸ ಬಿಟ್ಟು ಕೇರಳ ಸೇರಿದ. ಅಲ್ಲಿಂದ ಮುಂದೆ ಅವನು ಕೊನೆಯ ಸಲ ಹೇಳಿದ ದರವನ್ನೇ ಹೇಳಿಕೊಂಡು ಬಂದೆ.

ಎಲ್ಲ ಸರಿ, ಆ ಕಣ್ಣಳತೆ ಮಾತ್ರ ನನ್ನನ್ನು ಕೊಲ್ಲುತ್ತಿತ್ತು. ಈಲಿ, ಅಂದರೆ ಲಿವರು, ಎಲ್ಲರಿಗೂ ಬೇಕು. “ಅವನ್ ಎಲೇಲಿ ಈಲಿ ಜಾಸ್ತಿ ಐತೆ”, “ಇದ್ರಲ್ಲಿ ಬರೀ ಮೂಳೆ ಕಣ್ರೀ” ಎಂದು ಒಂದು ತುಂಡು ಈ ಎಲೆಯಿಂದ ಆ ಎಲೆಗೆ ಹಾರುವುದು, ಮತ್ತೆ ವಾಪಸು ಬರುವುದು. ನಡುವೆ ಕಾಫಿ, ಬೀಡಿ, ಯಾರದೋ ಮಗಳ ಬಾಣಂತನ, ಆನೆ ಗದ್ದೆಗೆ ಇಳಿದ ಸುದ್ದಿ. ಮಧ್ಯಾಹ್ನ ಸಮೀಪಿಸಿದರೂ ಬಾಡು ಎಲೆಯ ಮೇಲೇ ಇರುತ್ತಿತ್ತು. ನಾನು ತಡೆಯಲಾರದೆ ಒಂದು ದಿನ ಹಾಸನಕ್ಕೆ ಹೋಗಿ, ಗಡಿಯಾರದಂತೆ ದುಂಡು ಮುಖದ ಒಂದು ತಕ್ಕಡಿ ತಂದು ಕಣದ ನಡುವೆ ಇಟ್ಟೆ.

ಅದು ಕ್ರಾಂತಿಯೇ ಆಯಿತು. ಮುಳ್ಳು ತೋರಿಸಿದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ. ಗುಡ್ಡೆಗಳೆಲ್ಲ ಒಂದೇ ತೂಕವಾದ್ದರಿಂದ ಬೆನ್ನು ಹಾಕಿ ಕೂರುವವನೂ ಬೇಕಿಲ್ಲ. “ಎಂಥಾ ಸಲೀಸ್ ಮಾಡ್ಬುಟ್ರಿ ಗೌಡ್ರೇ!” ಎಂದು ಎಲ್ಲರೂ ಹೊಗಳಿ, ಹೊರಟೇಹೋದರು. ನಾನು ಮನೆಗೆ ಬಂದಾಗ ಇನ್ನೂ ಮಂಜು ಕರಗಿರಲಿಲ್ಲ. ಅಡುಗೆ ಮಾಡಿದೆ, ಉಂಡೆ, ಪಾತ್ರೆ ತೊಳೆದೆ, ಇರುವ ಬನೀನುಗಳನ್ನೆಲ್ಲ ಒಗೆದೆ. ಭಾನುವಾರ ಇನ್ನೂ ಹಾಗೇ ಕುಳಿತಿತ್ತು.

ಸುಧಾರಣೆ ಅಷ್ಟಕ್ಕೇ ನಿಲ್ಲಲಿಲ್ಲ. ಕಾಯುವುದೇಕೆ, ಪಾಲನ್ನು ಚೀಲಕ್ಕೆ ಹಾಕಿ ಹೆಸರಿನ ಚೀಟಿ ಅಂಟಿಸಿಟ್ಟರೆ ಪುರುಸೊತ್ತಾದಾಗ ಒಯ್ಯಬಹುದಲ್ಲ ಎಂದು ಸಲಹೆ ಕೊಟ್ಟವನೂ ನಾನೇ. ಚೀಟಿ ಬರೆದವನೂ ನಾನೇ. ಮುಂದಿನ ಭಾನುವಾರ ಹೋದಾಗ ಕಣದಲ್ಲಿ ನರಪಿಳ್ಳೆ ಇರಲಿಲ್ಲ. ಗೋಡೆಯ ಮೊಳೆಗೆ ಒಂದೇ ಒಂದು ಚೀಲ ನೇತಾಡುತ್ತಿತ್ತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ನನ್ನ ಹೆಸರು, ತೂಕ, ತಾರೀಕು. ಬಿಸಿಲಿದ್ದರೂ ಎರಡು ಸ್ವೆಟರು ಹಾಕಿಕೊಂಡು ಬರಬೇಕಿತ್ತು ಅನ್ನಿಸಿತು. ಬಹ್ರೇನಿನ ದರ ಕೇಳುವವರೂ ಯಾರೂ ಇರಲಿಲ್ಲ.

ಹಿಂದಿರುಗುವಾಗ ಕಾಳಣ್ಣನ ಜಗಲಿಗೆ ಹೋದೆ. ಅವನು ಮುಖ ತಿರುಗಿಸಿದ. “ಯಾಕೆ ಕಾಳಣ್ಣ, ಕಣಕ್ಕೆ ಬರೋದೇ ಬಿಟ್ಟೆ?”

“ಬಂದು ಏನ್ ಮಾಡ್ಲಿ? ಆ ಮುಳ್ಳಿನ್ ಮುಖ ನೋಡ್ಲಾ? ಬಾಡು ಸೊಸೆ ತತ್ತಾಳೆ. ಹಲ್ಲಿಲ್ದೋನು ನಾನು, ತಿನ್ನಕ್ ಬತ್ತಿದ್ನೇನೋ? ನಾಕ್ ಹೆಸ್ರು ಕೂಗಕ್ ಬತ್ತಿದ್ದೆ.”

ನಾನೂ ಬರುತ್ತಿದ್ದದ್ದು ನಾಲ್ಕು ಅಂಕಿ ಹೇಳುವುದಕ್ಕೇ ಎಂದು ಬಾಯಿಬಿಡಲು ನಾಚಿಕೆಯಾಯಿತು.

ಶನಿವಾರ ತಿಮ್ಮಣ್ಣನ ಮನೆಯಿಂದ ತಕ್ಕಡಿಯನ್ನು ಎತ್ತಿಕೊಂಡು ಬಂದೆ. ಸ್ಪ್ರಿಂಗು ಸಡಿಲವಾಗಿದೆ, ಹಾಸನಕ್ಕೆ ರಿಪೇರಿಗೆ ಕಳಿಸಬೇಕು ಎಂದೆ. “ನಾಳೀಕೆ ಏನ್ ಮಾಡದು?” ಎಂದು ಅವನು ತಲೆ ಕೆರೆದುಕೊಂಡ. ಕಾಳಣ್ಣನಿಗೆ ಹೇಳಿ ಕಳಿಸು ಎಂದೆ.

ಭಾನುವಾರ ಕಣ ತುಂಬಿತ್ತು. ಎಲೆ ಹಾಸಿದರು. ಈಲಿಗಾಗಿ ಜಗಳ ಶುರುವಾಯಿತು. ಎಷ್ಟು ದಿನಗಳ ಜಗಳ ಬಾಕಿಯಿತ್ತೋ ಏನೋ, ಎರಡು ಸಲ ಕಾಫಿ ಮಾಡಬೇಕಾಯಿತು. ಕಾಳಣ್ಣ ಒಗೆದ ಅಂಗಿ ಹಾಕಿಕೊಂಡು ಬಂದು ಬೆನ್ನು ಹಾಕಿ ಕುಳಿತ. ಹೆಸರುಗಳು ಒಂದೊಂದಾಗಿ ಬೆಟ್ಟದ ಕಡೆ ಹೋದವು. ನನ್ನದು ಬರಲೇ ಇಲ್ಲ. ಕೊನೆಗೆ ಒಂದೇ ಎಲೆ ಉಳಿಯಿತು, ಅದರ ತುಂಬಾ ಮೂಳೆ. “ಇದ್ಯಾರ್ಗೆ?” ಕಾಳಣ್ಣ ಬೇಕೆಂದೇ ಕೆಮ್ಮಿ, ಸಮಯ ತೆಗೆದುಕೊಂಡು, “ತಕ್ಡಿ ಗೌಡಂಗೆ!” ಎಂದ. ಎಲ್ಲರೂ ನಕ್ಕರು. ತಿಮ್ಮಣ್ಣ ಎಲೆ ಸುತ್ತಿ ಕೊಡುತ್ತಾ, “ಅಂದಂಗೆ ಬಹ್ರೇನಲ್ಲಿ ಏನ್ ರೇಟು?” ಎಂದ. ಹೇಳಿದೆ. “ಹೋದ್ ವರ್ಷಾನೂ ಅಷ್ಟೇ ಇತ್ತಲ್ಲ?” ಎಂದು ಯಾರೋ ತಕರಾರು ತೆಗೆದರು. ಕಾಳಣ್ಣನೇ ನನ್ನ ನೆರವಿಗೆ ಬಂದ: “ಐಸಲ್ಲಿ ಇಟ್ಟಿರೋದಲ್ವೇನೋ, ರೇಟೂ ಕೆಡಕಿಲ್ಲ!”

ಮಧ್ಯಾಹ್ನ ದಾಟಿದ ಮೇಲೆ ಮನೆಗೆ ಬಂದೆ. ಬಾಗಿಲು ಹಾಕಿ, ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ, ಮಂಚದ ಕೆಳಗಿಂದ ತಕ್ಕಡಿಯನ್ನು ಎಳೆದು ನನ್ನ ಗುಡ್ಡೆಯನ್ನು ಅದರ ಮೇಲಿಟ್ಟೆ. ಅನುಮಾನಿಸಿದಂತೆಯೇ ಆಗಿತ್ತು, ಕಡಿಮೆ, ಚೆನ್ನಾಗಿಯೇ ಕಡಿಮೆ. ಕೂಡಲೇ ಹೋಗಿ ತಿಮ್ಮಣ್ಣನನ್ನು ದಬಾಯಿಸಬೇಕೆಂದು ಚಪ್ಪಲಿ ಮೆಟ್ಟಿದೆ. ಬಾಗಿಲವರೆಗೆ ಹೋಗಿ ನಿಂತೆ. ಎಷ್ಟು ಕಡಿಮೆ ಎಂದು ಯಾವ ಬಾಯಲ್ಲಿ ಹೇಳಲಿ? ತಕ್ಕಡಿ ರಿಪೇರಿಗೆ ಹೋಗಿದೆಯಲ್ಲ.