ಎಪ್ಪತ್ತು ನಿಮಿಷದ ಸಮಾನತೆ

ಅಗ್ನಿಶಾಮಕ ಠಾಣೆಯ ವಾಹನವು ನಗರದ ಏಳು ಬಡಾವಣೆಗಳನ್ನು ಕ್ರಮವಾಗಿ ನಾಲ್ಕು, ಐದು, ಐದು, ಆರು, ಏಳು, ಎಂಟು ಮತ್ತು ಎಪ್ಪತ್ತು ನಿಮಿಷಗಳಲ್ಲಿ ತಲುಪುತ್ತದೆ ಎಂಬುದು ದಾಖಲೆಯಲ್ಲಿರುವ ಸಂಗತಿ. ಏಳನೆಯ ಬಡಾವಣೆ ಹೊಳೆಯಾಚೆಗಿತ್ತು. ಸೇತುವೆ ಮುರಿದು ಮೂರು ವರ್ಷವಾಗಿದ್ದರಿಂದ ವಾಹನ ಊರೆಲ್ಲ ಸುತ್ತಿಕೊಂಡು ಹೋಗಬೇಕಿತ್ತು.

ಠಾಣೆಯ ಅಂಕಿಅಂಶ ಬರೆಯುವ ಗುಮಾಸ್ತೆಯ ಅಕ್ಕ ಇದ್ದದ್ದು ಅಲ್ಲೇ. ಅವಳ ಹೊಲಿಗೆ ಅಂಗಡಿ ಹೋದ ತಿಂಗಳು ಸುಟ್ಟುಹೋಗಿತ್ತು. ವಾಹನ ಬಂದು, ಬೂದಿಗೆ ನೀರು ಹೊಡೆದು, ಸಹಿ ಹಾಕಿಸಿಕೊಂಡು ಹೋಗಿತ್ತು. ಹಾಗಾಗಿ ಮೇಲಿನ ಕಚೇರಿ ಸರಾಸರಿ ಕೇಳಿದಾಗ ಗುಮಾಸ್ತೆ ಏಳನ್ನೂ ಕೂಡಿ, ಏಳರಿಂದ ಭಾಗಿಸಿ, ಹದಿನೈದು ಎಂದು ಬರೆದಳು. ಈಗಲಾದರೂ ಯಾರಾದರೂ ಸೇತುವೆಯ ಕಡೆ ಕಣ್ಣು ಹಾಯಿಸಿಯಾರು ಎಂಬ ಆಸೆ ಅವಳದು.

ಠಾಣಾಧಿಕಾರಿ ಹಾಳೆ ನೋಡಿ ಮುಖ ಹುಳ್ಳಗೆ ಮಾಡಿದರು. "ಏನಮ್ಮ ಇದು? ಹತ್ತು ದಾಟಬಾರದು ಅಂತ ಆದೇಶ ಇದೆ. ಒಂದು ಬಡಾವಣೆಗೋಸ್ಕರ ಠಾಣೆ ಮಾನ ಕಳೀಬೇಕಾ?"

"ಇರೋದೇ ಅಷ್ಟು ಸರ್."

"ಸರಾಸರಿ ಒಂದೇನಾ ಇರೋದು? ಬೇರೆ ಏನಾದ್ರೂ ತೆಗಿ."

ಅವಳು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದಳು. ನಟ್ಟನಡುವೆ ಆರು ಕೂತಿತ್ತು, ಅದು ಮಧ್ಯಾಂಕ. ಎರಡು ಸಲ ಬಂದದ್ದು ಐದು ಮಾತ್ರ, ಅದು ಬಹುಲಕ. ಅಧಿಕಾರಿಗಳು ಯಾವುದು ಕಡಿಮೆಯೋ ಅದನ್ನು ಆರಿಸಿದರು. ಮರುದಿನ ಗೋಡೆಗಳ ಮೇಲೆ ಪ್ರಕಟಣೆ ಬಿತ್ತು: 'ನಾಗರಿಕರ ಗಮನಕ್ಕೆ. ನಿಮ್ಮ ಬೆಂಕಿಗೆ ಐದೇ ನಿಮಿಷದಲ್ಲಿ ನೀರು. ತಡವಾಯಿತೆಂದು ಅನಿಸಿದಲ್ಲಿ ಅದು ನಿಮ್ಮ ವೈಯಕ್ತಿಕ ಅಭಿಪ್ರಾಯ.'

ಮೇಲಿನ ಕಚೇರಿ ಮೆಚ್ಚಿತು, ಮೆಚ್ಚಿ ವ್ಯಾಪ್ತಿಯನ್ನೂ ಕೇಳಿತು. ಅತಿ ದೊಡ್ಡದರಲ್ಲಿ ಅತಿ ಚಿಕ್ಕದನ್ನು ಕಳೆದರೆ ಅರವತ್ತಾರು. ನಾಗರಿಕರ ನಡುವೆ ಇಷ್ಟು ಅಂತರ ಸಲ್ಲದು, ಕೂಡಲೇ ಸರಿಪಡಿಸತಕ್ಕದ್ದು ಎಂದು ಪತ್ರ ಬಂತು.

ಗುಮಾಸ್ತೆಗೆ ಹೋದ ಜೀವ ಬಂದಂತಾಯಿತು. "ಸೇತುವೆ ಕಟ್ಟಿಸಿಬಿಟ್ರೆ ಎಪ್ಪತ್ತು ಹೋಗಿ ಒಂಬತ್ತಾಗುತ್ತೆ ಸರ್."

"ಸೇತುವೆ ನಮ್ಮ ಇಲಾಖೆದಲ್ಲ," ಎಂದರು ಅಧಿಕಾರಿಗಳು. "ನಮ್ಮ ಕೈಲಿರೋದು ಆ ನಾಲ್ಕು, ಐದು, ಆರು."

ಹೊಸ ನಿಯಮ ಜಾರಿಗೆ ಬಂತು: ಯಾವ ಬೆಂಕಿಯನ್ನೂ ಎಪ್ಪತ್ತು ನಿಮಿಷಕ್ಕೆ ಮೊದಲು ತಲುಪತಕ್ಕದ್ದಲ್ಲ. ಬೇಗ ಹೋದ ಚಾಲಕರು ಬೀದಿಯ ತಿರುವಿನಲ್ಲಿ ನಿಂತು, ಹೊಗೆಯ ಮೇಲೆ ನಿಗಾ ಇಟ್ಟು ಕಾಯತಕ್ಕದ್ದು. ತಿಂಗಳೊಳಗೆ ವ್ಯಾಪ್ತಿ ಸೊನ್ನೆಯಾಯಿತು, ಮಾನಕ ವಿಚಲನೆಯೂ ಸೊನ್ನೆಯಾಯಿತು. ಸರಾಸರಿ ಎಪ್ಪತ್ತಕ್ಕೆ ಏರಿತ್ತು; ಈ ಸಲ ಅದನ್ನು ಯಾರೂ ಕೇಳಿರಲಿಲ್ಲ. ಠಾಣೆಗೆ ಸಮಾನತೆಯ ಫಲಕ ಬಂತು.

ಗುಮಾಸ್ತೆ ಅಕ್ಕನ ಮುಂದೆ ತಲೆ ತಗ್ಗಿಸಿ ಕೂತಳು. "ನನ್ನ ಲೆಕ್ಕದಿಂದಾನೇ ಹೀಗಾಯ್ತು ಕಣೇ ಅಕ್ಕ."

"ಇರಲಿ ಬಿಡೇ," ಎಂದಳು ಅಕ್ಕ. "ಮುಂಚೆ ನಮಗೊಬ್ಬರಿಗೇ ಹೀಗೆ ಅಂತ ಹೊಟ್ಟೆ ಉರೀತಿತ್ತು. ಈಗ ಬೀದಿಯವರೆಲ್ಲ ನೆಮ್ಮದಿಯಾಗಿದ್ದಾರೆ."

ಆ ವಾರವೇ ಠಾಣೆಯ ದಾಖಲೆ ಕೋಣೆಗೆ ಬೆಂಕಿ ಬಿತ್ತು. ವಾಹನ ಅಂಗಳದಲ್ಲೇ ನಿಂತಿತ್ತು. ಚಾಲಕ ಕೈಗಡಿಯಾರ ನೋಡಿಕೊಂಡ. ಅಧಿಕಾರಿಗಳು ಹೊರಗೆ ಕುರ್ಚಿ ಹಾಕಿಸಿಕೊಂಡರು.

"ಎಷ್ಟಾಯ್ತು?"

"ಆರು ನಿಮಿಷ ಸರ್."

"ಇನ್ನೂ ಅರವತ್ನಾಲ್ಕಿದೆ. ನಿಂತು ಯಾಕೆ ಕಾಲು ನೋಯಿಸ್ಕೋತೀರಿ, ಕೂತ್ಕೊಳ್ಳಿ."

ಎಲ್ಲರೂ ಕೂತರು. ಗುಮಾಸ್ತೆ ತನ್ನ ಕುರ್ಚಿಯನ್ನು ಹೊಗೆ ಬಾರದ ಕಡೆಗೆ ಸ್ವಲ್ಪ ಎಳೆದುಕೊಂಡಳು.