ಮಾವನ ಕಾರ್ಬನ್ನು, ಅತ್ತೆಯ ಮುದ್ದೆ

ನನ್ನ ಸೋದರಮಾವನ ಮುಂದೆ ಧಾರಾಳವಾಗಿ ಸುಳ್ಳು ಹೇಳಬಹುದು. ಆದರೆ ತಲೆ ನುಣ್ಣಗೆ ಬೋಳಿಸಿಕೊಂಡು ಹೇಳಬೇಕು, ಅಷ್ಟೆ!

ಐಟಿ ಕಂಪನಿಗಳು ನಮ್ಮನ್ನೆಲ್ಲ ಊರೂರಿಗೆ ಸಾಗಿಸುತ್ತಿದ್ದ ಕಾಲವದು. ಮಂಡ್ಯದವಳಾದ ನನ್ನ ಪಾಲಿಗೆ ಕೋಲ್ಕತ್ತಾ ಬಂತು. ಜಾದವ್‌ಪುರದ ಮಾವನ ಮನೆಯಲ್ಲಿ ಠಿಕಾಣಿ ಹೂಡಿದೆ. ಮಾವ ಸರಕಾರಿ ವಿಜ್ಞಾನಿ. ಕೆಲಸವೇನು? ಕಾರ್ಬನ್ ತೂಗುವುದು! ಕಾರ್ಬನ್ನಿನಲ್ಲಿ ಹಗುರದ್ದು, ಭಾರದ್ದು ಎಂದು ಬೇರೆ ಬೇರೆ ಐಸೊಟೋಪುಗಳಿವೆಯಂತೆ. ಕಡಲ ತಳದ ಚಿಪ್ಪಿನಲ್ಲಿ ಯಾವುದು ಎಷ್ಟಿದೆ ಎಂದು ನೋಡಿ, ಸಾವಿರಾರು ವರ್ಷದ ಹಿಂದಿನ ಹವೆ ಹೇಗಿತ್ತೆಂದು ಹೇಳುತ್ತಿದ್ದರು. ನಿನ್ನೆ ಕೊಡೆ ಎಲ್ಲಿ ಬಿಟ್ಟರೆಂದು ಕೇಳಿದರೆ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು.

ಭಾನುವಾರ ನದಿ ದಾಟಿಸುವ ಹೌರಾ ದೋಣಿಯಲ್ಲಿ ಗಾಜಿನ ಬಾಟಲಿಗೆ ಗಾಳಿ ತುಂಬಿಸುವ ಕಾರ್ಯಕ್ರಮ. ಕಲ್ಲಿದ್ದಲು, ಡೀಸೆಲ್ ಹೊಗೆಯ ಕಾರ್ಬನ್ ಹಗುರವಂತೆ. ಊರಿನ ಗಾಳಿಯಲ್ಲಿ ಹೊಗೆಯ ಪಾಲೆಷ್ಟು ಎಂಬುದು ಅದರಿಂದ ತಿಳಿಯುತ್ತದೆ. ನಮ್ಮ ಉಸಿರು ಬೆರೆತರೆ ಎಲ್ಲ ಕೆಟ್ಟಂತೆ. ಹಾಗಾಗಿ ಮಾವನೂ ನಾನೂ ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿ ನಿಂತೆವು. ಪಕ್ಕದ ಬಂಗಾಳಿ ಯಜಮಾನರು ಗಾಬರಿಯಾಗಿ, "ಓ ದಾದಾ, ಮೇಯೆರ್ ಕೀ ಹೊಲೊ?" ಎಂದರು. ಹುಡುಗಿಗೆ ಏನಾಯಿತೆಂದು ಹೇಳಲು ಮಾವನಿಗೂ ಬಾಯಿ ಇಲ್ಲ! ಆ ಪುಣ್ಯಾತ್ಮ ಜೇಬಿನಿಂದ ಹೋಮಿಯೋಪತಿ ಗುಳಿಗೆ ತೆಗೆದು ಇಬ್ಬರ ಬಾಯಿಗೂ ಹಾಕಿಯೇಬಿಟ್ಟರು. ಆ ವಾರದ ಗಾಳಿ ದಂಡ.

ಅತ್ತೆಗೆ ಇದ್ದದ್ದು ಒಂದೇ ಚಿಂತೆ, ಮಾವನ ಮುದ್ದೆ. ನಮ್ಮ ಬಜಾರಿನಲ್ಲಿ ರಾಗಿ ಸಿಗುತ್ತಿರಲಿಲ್ಲ. ಮಂಡ್ಯದಿಂದ ಯಾರಾದರೂ ಬಂದರೆ ಒಂದಿಷ್ಟು ಹಿಟ್ಟು. ಅದನ್ನೇ ತಿಂಗಳುಗಟ್ಟಲೆ ಎಳೆದು ದಿನಕ್ಕೊಂದು ಮುದ್ದೆ ತೊಳಸುತ್ತಿದ್ದರು. ನಾನು ಮುದ್ದೆ ತಪ್ಪಿತೆಂದು ಸಂತೋಷವಾಗಿ ಲುಚಿ ಎಂಬ ಮೈದಾ ಪೂರಿ ತಿನ್ನುತ್ತಿದ್ದೆ. "ನಿಂದು?" ಎಂದು ಮಾವ ಕೇಳಿದರೆ ಅತ್ತೆಯದು ಒಂದೇ ಉತ್ತರ: "ಒಳಗೇ ಉಂಡೆ, ನಂದೂ ಮುದ್ದೇನೇ."

ಒಂದು ದಿನ ಮಾವನ ಕಣ್ಣು ನಮ್ಮ ಬಾಚಣಿಗೆಗಳ ಮೇಲೆ ಬಿತ್ತು. ಅಕ್ಕಿಯ ಕಾರ್ಬನ್ನೇ ಬೇರೆ, ರಾಗಿಯದೇ ಬೇರೆ. ಉಂಡದ್ದು ಕೂದಲಿಗೆ ಇಳಿಯುತ್ತದೆ. ಮೂವರ ಕೂದಲನ್ನೂ ಒಯ್ದು ಪರೀಕ್ಷಿಸಿದರು. ಬಂದವರೇ, "ನಿನ್ನ ಕೂದಲ ತುದಿ ಇನ್ನೂ ಮಂಡ್ಯದಲ್ಲಿದೆ, ಬುಡ ಜಾದವ್‌ಪುರಕ್ಕೆ ಬಂದಿದೆ" ಎಂದು ನನಗೆ ಹೇಳಿದರು. ನಗಲಿಲ್ಲ. ನೇರ ಅಡುಗೆಮನೆಗೆ ಹೋದರು.

"ನಿನ್ನ ಕೂದಲಲ್ಲಿ ತುದಿಯಿಂದ ಬುಡದವರೆಗೂ ಬರೀ ಅನ್ನ ಇದೆಯಲ್ಲೇ. ಮೂರು ವರ್ಷದ ಕೂದಲು ಅದು."

ಅತ್ತೆ ತಟ್ಟೆಗೆ ಮುದ್ದೆ ಇಡುತ್ತ, "ಇಬ್ರೂ ಉಂಡ್ರೆ ಹಿಟ್ಟು ಎಷ್ಟು ದಿನ ಬರ್ತದೆ? ನೀವು ಮುದ್ದೆ ಇಲ್ದೆ ಇರಲ್ಲ. ನಂಗೆ ಏನಿದ್ರೂ ಆಯ್ತದೆ" ಎಂದರು.

ಮಾವ ನೆಲದ ಮೇಲೇ ಕೂತರು. ಮುದ್ದೆ ಮುರಿದು ಒಂದು ತುತ್ತನ್ನು ಸಾರಿಗೆ ಅದ್ದಿ ಅತ್ತೆಯ ಬಾಯಿಗಿಟ್ಟರು. ನುಂಗಿದ ಅತ್ತೆ ಮುಖ ಕಿವುಚಿದರು.

"ಹಿಟ್ಟು ಹಳೇದಾಗಿ ಕಹಿ ಆಗೋಗದಲ್ರೀ. ಇದನ್ನ ದಿನಾ ಹೆಂಗ್ ಉಂಡ್ರಿ?"

"ನೀನು ಅಷ್ಟು ಜೋಪಾನ ಮಾಡಿ ಇಟ್ಟಿದ್ದೆ. ಹೆಂಗ್ ಹೇಳ್ಲಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಾಯಿ ತೆರೆದರು.